ಮದ್ಯವು ಚಿಂತೆಯನ್ನು ಕಳೆಯುವುದೆ?

“ಚಿಂತೆಯನ್ನು ಮರೆಯುವುದಕ್ಕಾಗಿ ಕುಡಿಯುತ್ತೇನೆ” ಎಂದು ಒಮ್ಮೆಯಾದರೂ ಹೇಳದ ಮದ್ಯಪಾನಿ ವಿರಳ. “ಮನಸ್ಸು ಗಟ್ಟಿಮಾಡಿಕೊಂಡರೆ ಇಂದೇ ಬಿಡಬಹುದು” ಎಂದು ಅವನಿಗೆ ಬುದ್ಧಿ ಹೇಳದ ನೆಂಟರಿಷ್ಟರೂ ವಿರಳ. ಈ ಎರಡು ಮಾತುಗಳೂ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಒಂದನ್ನೊಂದು ಬಿಡದೆ ನಡೆದುಬಂದಿವೆ. ಎರಡರಲ್ಲಿಯೂ ಒಂದಿಷ್ಟು ಸತ್ಯವಿದೆ. ಆದರೆ ಎರಡರಲ್ಲಿಯೂ ಬೆರೆತಿರುವ ಅಸತ್ಯವು ಜೀವಕ್ಕೇ ಎರವಾಗಬಲ್ಲದು. ಮಿದುಳಿನ ಶಾಸ್ತ್ರವು ಕಳೆದ ಕೆಲವು ದಶಕಗಳಲ್ಲಿ ಕಂಡುಕೊಂಡಿರುವ ಸಂಗತಿಗಳ ಬೆಳಕಿನಲ್ಲಿ ಇವುಗಳನ್ನು ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಪಾನನಿಷೇಧದ ಉಪದೇಶವನ್ನು ಮಾಡುವುದು ನಮ್ಮ ಇಚ್ಛೆಯಲ್ಲ. ಆ ಕೆಲಸವನ್ನು ನಮ್ಮ ಶರಣರೂ ದಾಸರೂ ನಮಗಿಂತ ಚೆನ್ನಾಗಿ ಮಾಡಿದ್ದಾರೆ. ಕೇಂದ್ರ ಸರ್ಕಾರವು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 10ರಿಂದ 75 ವರ್ಷ ವಯಸ್ಸಿನವರ ಪೈಕಿ ಶೇಕಡ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯವನ್ನು ಸೇವಿಸುತ್ತಾರೆ. ಇವರಲ್ಲಿ ಐದು ಕೋಟಿಗೂ ಮೀರಿದವರಿಗೆ ಕುಡಿತವು ಹಾನಿಯನ್ನುಂಟುಮಾಡುವ ಮಟ್ಟವನ್ನು ಮುಟ್ಟಿದೆ, ಇಲ್ಲವೆ ಬಿಡಲಾಗದ ವ್ಯಸನವಾಗಿದೆ. ಇಷ್ಟು ಮಂದಿಯನ್ನೂ ಮನಸ್ಸು ಗಟ್ಟಿಯಿಲ್ಲದವರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕಿದ ಮೇಲೆ ತಿಳಿದುಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ಅದೇ ಅದರ ದೋಷ.

ಮೊದಲು ಗ್ರಾಹಿ ಎಂಬುದನ್ನು ಅರಿತುಕೊಳ್ಳೋಣ. ಇಂಗ್ಲಿಷಿನ ರಿಸೆಪ್ಟರ್ ಎಂಬ ಪದಕ್ಕೆ ಕೆಲವರು ‘ಗ್ರಾಹಕ’ ಎಂದು ಬರೆಯುತ್ತಾರೆ. ಅಂಗಡಿಗೆ ಬರುವ ಗಿರಾಕಿಗೂ ಅದೇ ಪದ ಸಲ್ಲುವುದರಿಂದ, ಅದರಲ್ಲಿಯೂ ಮದ್ಯದ ವಿಷಯವನ್ನು ಬರೆಯುವಾಗ ಗೊಂದಲವಾದೀತೆಂದು, ನಾವು ‘ಗ್ರಾಹಿ’ ಎಂಬುದನ್ನೇ ಬಳಸುತ್ತೇವೆ. ಒಂದು ನರಕೋಶವು ಮತ್ತೊಂದಕ್ಕೆ ಸುದ್ದಿಯನ್ನು ಮುಟ್ಟಿಸುವುದು ಬಹುಮಟ್ಟಿಗೆ ರಾಸಾಯನಿಕ ದ್ರವ್ಯಗಳ ಮೂಲಕ. ಮೊದಲನೆಯ ಕೋಶದ ತುದಿಯಿಂದ ದ್ರವ್ಯವು ಹೊರಚೆಲ್ಲುತ್ತದೆ, ನಡುವಣ ಅತ್ಯಲ್ಪ ಬಿಡುವನ್ನು ದಾಟುತ್ತದೆ, ಎರಡನೆಯ ಕೋಶದ ಮೈಮೇಲಿರುವ ಒಂದು ಪ್ರೋಟೀನಿಗೆ ಬಂದು ಅಂಟಿಕೊಳ್ಳುತ್ತದೆ. ಆ ಪ್ರೋಟೀನೇ ಗ್ರಾಹಿ. ಬೀಗಕ್ಕೆ ತಕ್ಕ ಕೀಲಿಕೈಯಂತೆ ಒಂದೊಂದು ದ್ರವ್ಯಕ್ಕೆ ಅದರದೇ ಗ್ರಾಹಿಗಳುಂಟು. ಇಂತಹುದೊಂದು ವಸ್ತು ಇರಲೇಬೇಕೆಂದು ಕೇಂಬ್ರಿಜ್ಜಿನ ಜಾನ್ ಲ್ಯಾಂಗ್ಲಿ ಎಂಬ ಶರೀರಶಾಸ್ತ್ರಜ್ಞನು ನಿಕೋಟಿನ್ ಮತ್ತು ಕ್ಯುರಾರೆ ವಿಷಗಳನ್ನು ಸ್ನಾಯುವಿನ ಮೇಲೆ ಪ್ರಯೋಗಿಸಿ 1905ರಲ್ಲಿ ಊಹಿಸಿದನು. ಆಗ ಅದನ್ನು ಯಾರೂ ಕಣ್ಣಿನಿಂದ ಕಂಡಿರಲಿಲ್ಲ.

ಮಿದುಳಿನ ಗ್ರಾಹಿಗಳ ಪೈಕಿ ನಮಗೆ ಇಲ್ಲಿ ಮುಖ್ಯವಾದವು ಎರಡು ಬಗೆಯವು. ಗ್ಲುಟಮೇಟ್ ಎಂಬ ದ್ರವ್ಯವು ತನ್ನ ಗ್ರಾಹಿಗಳನ್ನು ಮುಟ್ಟಿದಾಗ ನರಕೋಶವು ಚುರುಕಾಗುತ್ತದೆ. ಗಾಬಾ ಎಂಬ ದ್ರವ್ಯವು ತನ್ನ ಗ್ರಾಹಿಗಳನ್ನು ಮುಟ್ಟಿದಾಗ ನರಕೋಶವು ಸುಮ್ಮನಾಗುತ್ತದೆ. ಮಿದುಳಿನಲ್ಲಿ ಗಾಬಾ ಇದೆಯೆಂಬುದು ತಿಳಿದುಬಂದುದು 1950ರಲ್ಲಿ. ಗಾಬಾದ ಒಂದು ಮುಖ್ಯ ಗ್ರಾಹಿಯು ಐದು ಪ್ರೋಟೀನು ತುಂಡುಗಳು ವರ್ತುಲವಾಗಿ ನಿಂತು ಆಗಿರುವ ಒಂದು ಸಣ್ಣ ಕೊಳವೆ. ಗಾಬಾ ಬಂದು ಕುಳಿತೊಡನೆ ಆ ಕೊಳವೆ ತೆರೆದು, ಕ್ಲೋರೈಡ್ ಅಯಾನುಗಳು ಒಳಕ್ಕೆ ನುಗ್ಗಿ, ಕೋಶದ ಉದ್ರೇಕವು ಇಳಿದುಹೋಗುತ್ತದೆ. ಓಡುವ ವಾಹನಕ್ಕೆ ವೇಗವರ್ಧಕವೂ ಬೇಕು, ತಡೆಯೂ ಬೇಕು. ಗ್ಲುಟಮೇಟ್ ಮತ್ತು ಗಾಬಾಗಳ ತೂಕವು ಸರಿಯಾಗಿರುವವರೆಗೆ ನಾವು ಎಚ್ಚರವಾಗಿಯೂ ಶಾಂತವಾಗಿಯೂ ಇರುತ್ತೇವೆ.

ಮದ್ಯವು ಈ ತಕ್ಕಡಿಯ ಎರಡು ತಟ್ಟೆಗಳ ಮೇಲೂ ಕೈಯಿಡುತ್ತದೆ. ಈ ಸಂಗತಿ ಬಹುಕಾಲ ತಿಳಿದಿರಲಿಲ್ಲ. ಸುಮಾರು 1900ರಲ್ಲಿ ಹಾನ್ಸ್ ಮೇಯರ್ ಮತ್ತು ಚಾರ್ಲ್ಸ್ ಓವರ್ಟನ್ ಎಂಬಿಬ್ಬರು, ಎಣ್ಣೆಯಲ್ಲಿ ಎಷ್ಟು ಹೆಚ್ಚು ಕರಗುವುದೋ ಅಷ್ಟು ಹೆಚ್ಚು ಒಂದು ದ್ರವ್ಯವು ಅರಿವಳಿಕೆಯನ್ನು ತರುವುದೆಂದು ಬೇರೆಬೇರೆಯಾಗಿ ಕಂಡುಕೊಂಡರು. ಅದರಿಂದಾಗಿ, ಮದ್ಯಸಾರವು ನರಕೋಶಗಳ ಕೊಬ್ಬಿನ ಪೊರೆಯಲ್ಲಿ ಕರಗಿ ಅದನ್ನು ಸಡಿಲಗೊಳಿಸುವುದೇ ಅಮಲಿಗೆ ಕಾರಣವೆಂಬ ನಂಬಿಕೆಯು ಹೆಚ್ಚುಕಡಿಮೆ ಮುಕ್ಕಾಲು ಶತಮಾನ ನಿಂತಿತು. ಗ್ರಾಹಿಗಳ ಪಾತ್ರವು ನಿಚ್ಚಳವಾಗಿ ಕಂಡುದು ಈಚೆಗೆ. ಅಮೆರಿಕದ ಡೇವಿಡ್ ಲೋವಿಂಜರ್ ಮತ್ತು ಸಂಗಡಿಗರು 1989ರಲ್ಲಿ, ಅಮಲೇರಿದವನ ರಕ್ತದಲ್ಲಿರುವಷ್ಟೇ ಮದ್ಯಸಾರವನ್ನು ನರಕೋಶಗಳ ಮೇಲೆ ಹರಿಸಿ, ಗ್ಲುಟಮೇಟಿನ ಒಂದು ಗ್ರಾಹಿಯಾದ ಎನ್‌ಎಂಡಿಎ ಎಂಬುದರ ವಿದ್ಯುತ್ಪ್ರವಾಹವು ಕುಗ್ಗುವುದನ್ನು ಅಳೆದು ತೋರಿಸಿದರು. ಆ ಗ್ರಾಹಿಯು ನೆನಪಿನ ನಿರ್ಮಾಣಕ್ಕೆ ಅತ್ಯಗತ್ಯವಾದುದು. ಹಿಂದಿನ ರಾತ್ರಿ ತಾನು ನುಡಿದುದೂ ಮಾಡಿದುದೂ ಬೆಳಗಾದಾಗ ಅತಿಯಾಗಿ ಕುಡಿದವನಿಗೆ ನೆನಪಿರದಿದ್ದರೆ, ಅವನು ಮರೆತನೆನ್ನುವುದಕ್ಕಿಂತ ಆ ನೆನಪು ಬರೆಯಲ್ಪಡಲೇ ಇಲ್ಲವೆನ್ನುವುದು ಸರಿ. ಇತ್ತ ಗಾಬಾದ ಪ್ರಭಾವವನ್ನು ಮದ್ಯವು ಹೆಚ್ಚಿಸುತ್ತದೆ. ನೇರವಾಗಿ ಗ್ರಾಹಿಯ ಮೇಲೆ ಎಷ್ಟು, ಗಾಬಾ ಹೆಚ್ಚು ಸುರಿಯುವಂತೆ ಮಾಡುವುದರಿಂದ ಎಷ್ಟು ಎಂಬ ವಿಷಯದಲ್ಲಿ ವಿಜ್ಞಾನಿಗಳ ವಾದವಿನ್ನೂ ಮುಗಿದಿಲ್ಲ. ವೇಗವರ್ಧಕವನ್ನು ಸಡಿಲಿಸಿ ತಡೆಯನ್ನು ಒತ್ತಿದಂತಾಗುತ್ತದೆ ಎಂಬುದಂತೂ ನಿಜ.

ಇಲ್ಲಿ ಒಂದು ಲೆಕ್ಕವನ್ನು ವಾಚಕರ ಮುಂದಿಡಬಯಸುತ್ತೇವೆ. ವೈದ್ಯರು ಆತಂಕಕ್ಕೆ ಕೊಡುವ ಡಯಾಜ಼ಿಪಾಮ್ ಎಂಬ ಮದ್ದು ಗಾಬಾದ ಇದೇ ಗ್ರಾಹಿಯ ಮೇಲೆ ಕೆಲಸಮಾಡುತ್ತದೆ. ಅದರ ಒಂದು ಮಾತ್ರೆಯಲ್ಲಿ 5 ಮಿಲಿಗ್ರಾಮ್ ಇದ್ದರೆ ಸಾಕು. ನಮ್ಮ ದೇಶದ 30 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 10 ಗ್ರಾಮ್ ಮದ್ಯಸಾರವಿರುತ್ತದೆ. ಎಂದರೆ ಎರಡು ಸಾವಿರ ಪಟ್ಟು! ಮದ್ಯವು ಬಹು ದುರ್ಬಲವಾದ ಔಷಧಿ. ತನ್ನ ಬೀಗಕ್ಕೆ ಸರಿಯಾಗಿ ಹೊಂದದ ಕೀಲಿಕೈ. ಹೊಂದದಿರುವುದರಿಂದಲೇ ಅದನ್ನು ಗ್ರಾಮುಗಟ್ಟಲೆ ಸುರಿಯಬೇಕಾಗುತ್ತದೆ. ಹಾಗೆ ಸುರಿದಾಗ ಅದು ಬೇಕಾದ ಬೀಗವನ್ನಷ್ಟೇ ಅಲ್ಲದೆ ಮನೆಯ ಎಲ್ಲ ಬೀಗಗಳನ್ನೂ ಅಲುಗಿಸುತ್ತದೆ. ಸಂತೋಷಕ್ಕೆ ಸಂಬಂಧಪಟ್ಟ ಡೋಪಮಿನ್, ನೋವನ್ನು ತಣಿಸಲು ಮಿದುಳು ತಾನೇ ತಯಾರಿಸಿಕೊಳ್ಳುವ ಅಫೀಮಿನಂತಹ ದ್ರವ್ಯಗಳು, ಸೆರೊಟೋನಿನ್—ಇವುಗಳ ವ್ಯವಹಾರವೆಲ್ಲವೂ ಕದಡುತ್ತದೆ. ಮತ್ತೊಂದು ಮಾತು. ಗ್ರಾಹಿಗೆ ಸಾರಾಯಿ ಯಾವುದು, ವಿಸ್ಕಿ ಯಾವುದು ಎಂಬ ಭೇದವಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾಯಿತು. ಮಿದುಳಿನ ಮಟ್ಟಿಗೆ ಬದಲಾದುದು ಸೀಸೆಯ ಮೇಲಣ ಚೀಟಿ ಮಾತ್ರ.

ಇನ್ನು ಚಿಂತೆಯ ಕಡೆಗೆ ಬರೋಣ. ತೊಲೆಯ ಮೇಲೆ ಬೀಳುವ ಭಾರಕ್ಕೆ ಇಂಜಿನಿಯರುಗಳು ಹೇಳುವ ‘ಒತ್ತಡ’ ಎಂಬ ಪದವು ಜೀವಿಗಳಿಗೂ ಅನ್ವಯವಾಗುವಂತೆ ಪ್ರಚಾರಕ್ಕೆ ಬರಲು ಹಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿಯು ಮುಖ್ಯ ಕಾರಣ. ಕೆನಡಾದ ಮಾಂಟ್ರಿಯಾಲಿನಲ್ಲಿ ಕೆಲಸಮಾಡುತ್ತಿದ್ದ ಈತನು, ಚಳಿಯಾಗಲಿ, ಗಾಯವಾಗಲಿ, ವಿಷವಾಗಲಿ, ಯಾವುದೇ ಬಾಧೆಗೆ ಇಲಿಯ ಶರೀರವು ಒಂದೇ ಬಗೆಯಲ್ಲಿ ಪ್ರತಿಕ್ರಿಯೆ ತೋರುವುದೆಂದು 1936ರಲ್ಲಿ ಪ್ರಕಟಿಸಿದನು. ಆ ಪ್ರತಿಕ್ರಿಯೆಯು ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದಿಂದ ಆರಂಭವಾಗಿ, ಪಿಟ್ಯುಟರಿ ಗ್ರಂಥಿಯ ಮಾರ್ಗವಾಗಿ, ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ತಲಪುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕಿಳಿಯುತ್ತದೆ. ಈ ಸರಪಳಿಯನ್ನು ಮೊದಲು ಜಗ್ಗುವ ದ್ರವ್ಯವನ್ನು ವೈಲಿ ವೇಲ್ ಮತ್ತು ಅವನ ಸಹೋದ್ಯೋಗಿಗಳು 1981ರಲ್ಲಿ ಕುರಿಗಳ ಮಿದುಳಿನಿಂದ ಬೇರ್ಪಡಿಸಿದರು. 41 ಅಮೈನೊ ಆಮ್ಲಗಳ ಮಾಲೆಯಾದ ಅದಕ್ಕೆ ಸಿಆರ್‌ಎಫ್ ಎಂದು ಸಂಕ್ಷಿಪ್ತನಾಮ. ಹೈಪೊಥಲಾಮಸ್ಸಿನಲ್ಲಿ ಮಾತ್ರವಲ್ಲದೆ, ಭಯದ ನೆಲೆಯೆನ್ನಬಹುದಾದ, ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗದಲ್ಲಿಯೂ ಸಿಆರ್‌ಎಫ್ ಮತ್ತು ಅದರ ಗ್ರಾಹಿಗಳು ಇವೆ.

ಒತ್ತಡವೆಂದೊಡನೆ ಅದು ಕೆಟ್ಟುದೆಂದು ಭಾವಿಸಬೇಕಾದುದಿಲ್ಲ. ಪರೀಕ್ಷೆಯ ಹಿಂದಿನ ದಿನ ಎದೆ ಡವಗುಟ್ಟದ ವಿದ್ಯಾರ್ಥಿಯು ಪುಸ್ತಕವನ್ನು ಮುಟ್ಟುವುದು ಸಂಶಯ. ಅಲ್ಲದೆ, ಒತ್ತಡವನ್ನು ಏರಿಸುವ ಶರೀರವೇ ಅದನ್ನು ಇಳಿಸುವ ಏರ್ಪಾಡನ್ನೂ ಮಾಡಿಕೊಂಡಿದೆ. ಇದು ನಮಗೆ ಬಹಳ ಸೊಗಸಾಗಿ ಕಾಣುವ ಸಂಗತಿ. ಇಲಿಯನ್ನು ನೀರಿನಲ್ಲಿ ಈಜಲು ಬಿಟ್ಟರೆ ಅದಕ್ಕೆ ಒತ್ತಡವುಂಟಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದರ ಮಿದುಳಿನಲ್ಲಿ ಅಲೊಪ್ರೆಗ್ನನೊಲೋನ್ ಎಂಬ ಸ್ಟೀರಾಯ್ಡ್ ದ್ರವ್ಯವು ಹೆಚ್ಚುವುದೆಂದು 1991ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುವು. ಆ ದ್ರವ್ಯವು ಹೋಗಿ ಕೂರುವುದೆಲ್ಲಿ? ಗಾಬಾದ ಗ್ರಾಹಿಯ ಮೇಲೆಯೇ. ಯಾವ ತಡೆಯನ್ನು ಕುಡಿಯುವವನು ಸೀಸೆಯಿಂದ ಒತ್ತುತ್ತಾನೆಯೋ ಅದೇ ತಡೆಯನ್ನು ಶರೀರವು ತನ್ನ ಸ್ವಂತ ದ್ರವ್ಯದಿಂದ ಒತ್ತಿಕೊಳ್ಳಬಲ್ಲದು. ದೀರ್ಘಕಾಲದ ಒತ್ತಡದಲ್ಲಿ ಈ ಶಕ್ತಿ ಕುಂದುತ್ತದೆಯೆಂದು ಪ್ರಾಣಿಗಳ ಮೇಲಣ ಪ್ರಯೋಗಗಳು ತಿಳಿಸುತ್ತವೆ.

ಹೀಗೆ ಮದ್ಯವೂ ಒತ್ತಡವೂ ಎರಡು ಬೇರೆ ದಾರಿಗಳಿಂದ ಒಂದೇ ಅಂಗಳಕ್ಕೆ ಬಂದು ಸೇರುತ್ತವೆ. ಅಮೆರಿಕದ ಸ್ಕ್ರಿಪ್ಸ್ ಸಂಶೋಧನ ಸಂಸ್ಥೆಯ ಸಿಗ್ಗಿನ್ಸ್ ಮತ್ತು ಸಂಗಡಿಗರು 2004ರಲ್ಲಿ ಕಂಡುದು ಇನ್ನೂ ವಿಸ್ಮಯಕರ. ಇಲಿಗಳ ಅಮಿಗ್ಡಲದ ಒಂದು ಭಾಗದಲ್ಲಿ ಮದ್ಯವು ಗಾಬಾದ ಕಾರ್ಯವನ್ನು ಹೆಚ್ಚಿಸುತ್ತದೆ, ಸಿಆರ್‌ಎಫ್ ಕೂಡ ಹೆಚ್ಚಿಸುತ್ತದೆ. ಸಿಆರ್‌ಎಫ್‌ನ ಮೊದಲನೆಯ ಗ್ರಾಹಿಯೇ ಇಲ್ಲದಂತೆ ಹುಟ್ಟಿಸಿದ ಇಲಿಗಳಲ್ಲಿ ಮದ್ಯದ ಆ ಪರಿಣಾಮವು ಕಾಣಲಿಲ್ಲ! ಮದ್ಯವು ಅಲ್ಲಿ ತನ್ನ ಕೆಲಸವನ್ನು ಮಾಡಿಸಿಕೊಳ್ಳುತ್ತಿದ್ದುದು ಒತ್ತಡದ ಗ್ರಾಹಿಯ ಕೈಯಿಂದಲೇ ಎಂದಾಯಿತು. ಚಿಂತೆಯನ್ನು ಓಡಿಸಲು ಕರೆದುತಂದವನು ಚಿಂತೆಯ ಮನೆಯವನೇ ಆಗಿದ್ದನು.

ಆದ್ದರಿಂದ ‘ಚಿಂತೆಯನ್ನು ಮರೆಯಲು ಕುಡಿಯುತ್ತೇನೆ’ ಎಂಬ ಮಾತು ಮೊದಲ ಒಂದೆರಡು ಗಂಟೆಗಳ ಮಟ್ಟಿಗೆ ನಿಜವೇ. ಅದನ್ನು ಸುಳ್ಳೆಂದು ಹೇಳುವ ಉಪದೇಶಕನನ್ನು ಕುಡಿಯುವವನು ನಂಬುವುದಿಲ್ಲ. ನಂಬದಿರುವುದು ನ್ಯಾಯವೂ ಹೌದು. ಅವನ ಅನುಭವವೇ ಬೇರೆ. ಅವನಿಗೆ ಹೇಳಬೇಕಾದುದು ಆ ಗಂಟೆಗಳು ಕಳೆದ ಮೇಲಣ ಕತೆ.

ಭಾರವಾದ ಮೂಟೆಯನ್ನು ಎತ್ತಿನ ಗಾಡಿಯ ಹಿಂಬದಿಗೆ ಹೇರಿದಾಗ ಗಾಡಿಯವನು ಮುಂದಕ್ಕೆ ಸರಿದು ಮೂಕಿಯ ಮೇಲೆ ಕುಳಿತು ಗಾಡಿಯನ್ನು ಸಮಮಾಡುತ್ತಾನೆ. ಮಿದುಳೂ ಹಾಗೆಯೇ ಮಾಡುತ್ತದೆ. ದಿನದಿನವೂ ತಡೆಯನ್ನು ಹೊರಗಿನಿಂದ ಒತ್ತುತ್ತಿದ್ದರೆ, ವಾರಗಳೂ ತಿಂಗಳುಗಳೂ ಕಳೆದಂತೆ ಗಾಬಾದ ಗ್ರಾಹಿಗಳು ತಮ್ಮ ತುಂಡುಗಳನ್ನು ಬದಲಾಯಿಸಿಕೊಂಡು ಮೊದಲಿನಷ್ಟು ಸುಲಭವಾಗಿ ಮಣಿಯದಂತಾಗುತ್ತವೆ. ಅತ್ತ ಗ್ಲುಟಮೇಟಿನ ಎನ್‌ಎಂಡಿಎ ಗ್ರಾಹಿಗಳು ಹೆಚ್ಚಿ ಬಲಗೊಳ್ಳುತ್ತವೆ. ಮೊದಲು ಒಂದು ಲೋಟಕ್ಕೆ ತೂರಾಡುತ್ತಿದ್ದವನು ಈಗ ನಾಲ್ಕಕ್ಕೂ ನೆಟ್ಟಗೆ ನಡೆಯುತ್ತಾನೆ. ಅದನ್ನೇ ಸ್ನೇಹಿತರು ‘ತಾಕತ್ತು’ ಎಂದು ಹೊಗಳುತ್ತಾರೆ! ಇದು ಸಮವಾದ ಗಾಡಿ, ನಿಜ. ಮೂಟೆಯನ್ನು ಒಮ್ಮೆಗೇ ಕೆಳಕ್ಕೆ ಉರುಳಿಸಿದರೇನಾದೀತು? ಮೂಕಿಯು ಕುಸಿದು ಎತ್ತುಗಳ ಕುತ್ತಿಗೆಯ ಮೇಲೆ ಬೀಳುತ್ತದೆ.

ಕುಡಿತವನ್ನು ನಿಲ್ಲಿಸಿದವರಲ್ಲಿ ಕಾಣುವ ಸೆಳವಿಗೂ ಸನ್ನಿಗೂ ನಿಲ್ಲಿಸಿದುದೇ ಕಾರಣವೆಂಬುದನ್ನು ವೈದ್ಯರು ಬಹುಕಾಲ ಒಪ್ಪಿರಲಿಲ್ಲ. ಆಹಾರ ಮತ್ತು ಜೀವಸತ್ತ್ವಗಳ ಕೊರತೆಯೇ ಕಾರಣವೆಂದು ಅನೇಕರು ನಂಬಿದ್ದರು. ಈ ವಿವಾದವನ್ನು ಬಗೆಹರಿಸಲು ಅಮೆರಿಕದ ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ನಿನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ನಡೆಸಿ 1955ರಲ್ಲಿ ಪ್ರಕಟಿಸಿದರು. ಹತ್ತು ಮಂದಿಗೆ, ಆಹಾರಕ್ಕೂ ಜೀವಸತ್ತ್ವಗಳಿಗೂ ಯಾವ ಕೊರತೆಯೂ ಬಾರದಂತೆ ನೋಡಿಕೊಂಡು, ದಿನವೂ ಹಗಲಿರುಳು ಮದ್ಯವನ್ನು ಕೊಟ್ಟರು. ನಾಲ್ವರು ಬೇಗನೆ ಹಿಂದೆಗೆದರು. ಉಳಿದ ಆರು ಮಂದಿ 48ರಿಂದ 87 ದಿನಗಳವರೆಗೆ ಕುಡಿದರು. ಅನಂತರ ಒಮ್ಮೆಲೆ ನಿಲ್ಲಿಸಲಾಯಿತು. ಈ ಆರು ಮಂದಿಗೂ ನಡುಕ, ಬೆವರು, ನಿದ್ರಾಹೀನತೆಗಳು ಬಂದುವು. ಕೆಲವರಿಗೆ ಸೆಳವು, ಕೆಲವರಿಗೆ ಸನ್ನಿ. ಊಟ ಸರಿಯಾಗಿತ್ತು, ಜೀವಸತ್ತ್ವ ಸರಿಯಾಗಿತ್ತು, ಇಲ್ಲವಾದುದು ಮದ್ಯ ಮಾತ್ರ. ಪ್ರಯೋಗಕ್ಕೆ ಒಳಗಾದವರು ಮಾರ್ಫಿನ್ ವ್ಯಸನದ ಹಿನ್ನೆಲೆಯ ಸೆರೆಯಾಳುಗಳು. ಒಪ್ಪಿಗೆ ಕೊಟ್ಟಿದ್ದರೆಂದು ಬರೆದಿದೆಯಾದರೂ, ಸೆರೆಯಾಳಿನ ಒಪ್ಪಿಗೆಗೆ ಎಷ್ಟು ಬೆಲೆಯೆಂಬುದನ್ನು ವಾಚಕರೇ ಯೋಚಿಸಬಹುದು. ಇಂದು ಅಂತಹ ಪ್ರಯೋಗಕ್ಕೆ ಯಾವ ನೀತಿಮಂಡಳಿಯೂ ಅನುಮತಿ ಕೊಡಲಾರದು. ಆದರೂ ಅದರಿಂದ ತಿಳಿದುದು ಎಷ್ಟೋ ಜೀವಗಳನ್ನು ಉಳಿಸಿದೆ.

ಬಹುಕಾಲ ಕುಡಿದು ನಿಲ್ಲಿಸಿದವನಿಗೆ ಕೆಲವು ಗಂಟೆಗಳಲ್ಲಿಯೇ ಕೈನಡುಕವೂ ತಳಮಳವೂ ತೊಡಗುತ್ತವೆ. ಸೆಳವು ಬರುವುದಾದರೆ ಸಾಮಾನ್ಯವಾಗಿ ಮೊದಲ ಎರಡು ದಿನಗಳೊಳಗೆ. ಸನ್ನಿಯಾದರೆ ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ: ಗೋಡೆಯ ಮೇಲೆ ಹುಳುಗಳು ಹರಿಯುವುದು, ಸತ್ತವರು ಬಂದು ಕರೆಯುವುದು, ಹಗಲೋ ಇರುಳೋ ತಿಳಿಯದಿರುವುದು. ಮನೆಯವರು ಇದನ್ನು ದೆವ್ವದ ಚೇಷ್ಟೆಯೆಂದು ಬಗೆದರೆ ಆಶ್ಚರ್ಯವಿಲ್ಲ. ಇದು ತಡೆಯನ್ನು ಕಳೆದುಕೊಂಡ ಮಿದುಳಿನ ಉದ್ರೇಕ. ಚಿಕಿತ್ಸೆಯಿಲ್ಲದಿದ್ದರೆ ಸಾವೂ ಒದಗಬಹುದು. ವೈದ್ಯರು ಇದಕ್ಕೆ ಡಯಾಜ಼ಿಪಾಮಿನ ಜಾತಿಯ ಮದ್ದುಗಳನ್ನು ಕೊಟ್ಟು, ದಿನದಿನವೂ ಪ್ರಮಾಣವನ್ನು ಇಳಿಸುತ್ತ ಬರುತ್ತಾರೆ. ಗಾಡಿಯ ಮೂಟೆಯನ್ನು ಉರುಳಿಸುವ ಬದಲು ಸ್ವಲ್ಪಸ್ವಲ್ಪವಾಗಿ ಇಳಿಸುವ ಉಪಾಯವಿದು. ಅದೇ ಗ್ರಾಹಿ, ಅದೇ ತಡೆ. ಒತ್ತುವ ಕೈ ಮಾತ್ರ ಅಳತೆ ತಿಳಿದುದು.

ಸೆಳವು ಸನ್ನಿಗಳು ಎಲ್ಲರಿಗೂ ಬಾರವು. ಆದರೆ ಆತಂಕವು ಹೆಚ್ಚುಕಡಿಮೆ ಎಲ್ಲ ವ್ಯಸನಿಗಳಿಗೂ ಬರುತ್ತದೆ. ಮದ್ಯವನ್ನು ನಿಲ್ಲಿಸಿದ ಇಲಿಗಳ ಅಮಿಗ್ಡಲದಲ್ಲಿ ಸಿಆರ್‌ಎಫ್ ಏರುವುದನ್ನು 1995ರಲ್ಲಿ ಅಳೆದು ನೋಡಿದ್ದಾರೆ. ಮನುಷ್ಯರಲ್ಲಿ ಆ ದಿನಗಳಲ್ಲಿ ಕಾರ್ಟಿಸಾಲ್ ಏರುತ್ತದೆ. ಕೆಲಸ ಹೋಯಿತೆಂದೋ, ಬೆಳೆ ಕೆಟ್ಟಿತೆಂದೋ ಕುಡಿಯಲು ತೊಡಗಿದವನಿಗೆ ಈಗ ಕೆಲಸ ಸಿಕ್ಕಿದರೂ ಬೆಳೆ ಬಂದರೂ ಬೆಳಗಾಗುತ್ತಲೇ ಕಾರಣವಿಲ್ಲದ ತಲ್ಲಣ. ಅದನ್ನು ಅವನು ತನ್ನ ಸಂಸಾರದ ಚಿಂತೆಯೆಂದೇ ತಿಳಿದು ಮತ್ತೆ ಕುಡಿಯುತ್ತಾನೆ. ಮೊದಲಿನ ಚಿಂತೆ ಹೊರಗಿನಿಂದ ಬಂದುದು. ಎರಡನೆಯದು ಮದ್ಯವೇ ಬೆಳೆಸಿದುದು. ಈ ಎರಡನ್ನು ಒಳಗಿನಿಂದ ಬೇರ್ಪಡಿಸಿ ನೋಡಲು ಅವನಿಂದಾಗುವುದಿಲ್ಲ. ಸಾಲವನ್ನು ತೀರಿಸಲು ಅದೇ ಸಾಹುಕಾರನಲ್ಲಿ ಚಕ್ರಬಡ್ಡಿಗೆ ಮತ್ತೆ ಸಾಲ ತೆಗೆದಂತೆ.

ಈಗ ಎರಡನೆಯ ಮಾತನ್ನು ತೆಗೆದುಕೊಳ್ಳೋಣ. ‘ಮನಸ್ಸು ಗಟ್ಟಿಮಾಡಿಕೊಂಡರೆ ಇಂದೇ ಬಿಡಬಹುದು’ ಎಂಬುದು ಹಲವರ ವಿಷಯದಲ್ಲಿ ನಿಜ. ಶಬರಿಮಲೆಯ ಮಾಲೆ ಧರಿಸಿ 41 ದಿನ ಒಂದು ತೊಟ್ಟನ್ನೂ ಮುಟ್ಟದವರನ್ನು ನಮ್ಮ ಊರುಗಳಲ್ಲಿ ಬೇಕಾದಷ್ಟು ಕಾಣುತ್ತೇವೆ. ಶ್ರದ್ಧೆಯ ಬಲ ಸಾಮಾನ್ಯವಾದುದಲ್ಲ. ಆದರೆ ಹೀಗೆ ಬಿಡಬಲ್ಲವನ ಉದಾಹರಣೆಯನ್ನು ಹಿಡಿದು, ಗ್ರಾಹಿಗಳೇ ಮಾರ್ಪಟ್ಟಿರುವ ಮತ್ತೊಬ್ಬನನ್ನು ಅಳೆಯುವುದು ಸರಿಯಲ್ಲ. ದೇವರ ಮುಂದೆ ಆಣೆಯಿಡಿಸಿ, ಕೋಣೆಯಲ್ಲಿ ಕೂಡಿಹಾಕಿ, ‘ನಾಲ್ಕು ದಿನ ಒದ್ದಾಡಿದರೆ ಸರಿಹೋಗುತ್ತಾನೆ’ ಎನ್ನುವ ಮನೆಗಳಿವೆ. ಆ ನಾಲ್ಕು ದಿನಗಳೇ ಅತ್ಯಂತ ಅಪಾಯದ ದಿನಗಳೆಂಬುದು ಅವರಿಗೆ ಗೊತ್ತಿಲ್ಲ. ಪ್ರೀತಿಯಿಂದಲೇ ಮಾಡುವ ಈ ಕೆಲಸವು ಎಂತಹ ಅನರ್ಥಕ್ಕೆ ಎಡೆಯಾಗಬಹುದು!

ಇದು ಊಹೆಯ ಮಾತಲ್ಲ. 2020ರ ಮಾರ್ಚ್ 25ರಿಂದ ಕೊರೋನ ಸೋಂಕಿನ ಕಾರಣ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಮದ್ಯದಂಗಡಿಗಳೂ ಒಮ್ಮೆಗೇ ಮುಚ್ಚಿದುವು. ಕರ್ನಾಟಕದಲ್ಲಿ ಅವು ಮತ್ತೆ ತೆರೆದುದು ಮೇ 4ರಂದು. ಇಸ್ಬೆಲ್ ಹತ್ತು ಮಂದಿಯ ಮೇಲೆ ಮಾಡಿದ ಪ್ರಯೋಗವು ಯಾರೂ ಉದ್ದೇಶಿಸದೆ ಕೋಟ್ಯಂತರ ಮಂದಿಯ ಮೇಲೆ ನಡೆದುಹೋಯಿತು. ಸೆಳವು, ಸನ್ನಿಗಳಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಆ ದಿನಗಳಲ್ಲಿ ಏರಿತೆಂದು ನಿಮ್ಹಾನ್ಸ್‌ನ ವೈದ್ಯರು ಅದೇ ವರ್ಷ ವರದಿಮಾಡಿದರು. ನೆರೆಯ ಕೇರಳದಲ್ಲಿ ಸಂಕಟವು ಎಷ್ಟರಮಟ್ಟಿಗೆ ಹೋಯಿತೆಂದರೆ, ವೈದ್ಯರ ಚೀಟಿ ತಂದವರಿಗೆ ಮದ್ಯವನ್ನು ಒದಗಿಸಬೇಕೆಂದು ಸರ್ಕಾರವೇ ಆಜ್ಞೆ ಹೊರಡಿಸಿತು. ವೈದ್ಯರ ಸಂಘವು ಪ್ರತಿಭಟಿಸಿತು. ಉಚ್ಚ ನ್ಯಾಯಾಲಯವು ಏಪ್ರಿಲ್ 2ರಂದು ಆ ಆಜ್ಞೆಗೆ ತಡೆಯಾಜ್ಞೆ ಕೊಟ್ಟಿತು. ವೈದ್ಯರ ನಿಲುವೇ ಸರಿಯೆಂದು ನಮ್ಮ ಅಭಿಪ್ರಾಯ. ರೋಗಕ್ಕೆ ಅಳತೆಯುಳ್ಳ ಮದ್ದು ಇರುವಾಗ ಅದಕ್ಕೆ ಕಾರಣವಾದುದನ್ನೇ ಚೀಟಿ ಬರೆದು ಕೊಡುವುದು ಚಿಕಿತ್ಸೆಯಲ್ಲ. ಆದರೆ ಸರ್ಕಾರದ ಗಾಬರಿಗೂ ಅರ್ಥವಿತ್ತು. ಅಂಗಡಿಯನ್ನು ಮುಚ್ಚುವುದಕ್ಕೆ ಒಂದು ಆಜ್ಞೆ ಸಾಕು. ಹಳ್ಳಿಹಳ್ಳಿಗೂ ಆ ಮದ್ದನ್ನು ಮುಟ್ಟಿಸುವ ವ್ಯವಸ್ಥೆಯನ್ನು ರಾತ್ರಿ ಕಳೆಯುವುದರೊಳಗೆ ಕಟ್ಟಲಾಗದು.

ಹಾಗಾದರೆ ಎಲ್ಲವೂ ಗ್ರಾಹಿಗಳ ಕೈಯಲ್ಲಿದೆಯೆ, ಮನುಷ್ಯನ ಸಂಕಲ್ಪಕ್ಕೆ ಸ್ಥಾನವೇ ಇಲ್ಲವೆ ಎಂದು ಕೇಳಬಹುದು. ಹಾಗೆ ಹೇಳುವವರೂ ಇದ್ದಾರೆ. ನಾವು ಅವರ ಪಕ್ಷದವರಲ್ಲ. ಸಿಆರ್‌ಎಫ್‌ನ ಗ್ರಾಹಿಯನ್ನು ಮುಚ್ಚುವ ದ್ರವ್ಯಗಳು ಇಲಿಗಳ ಕುಡಿತವನ್ನು ತಗ್ಗಿಸಿದಾಗ ವಿಜ್ಞಾನಿಗಳು ಬಹಳ ಉತ್ಸಾಹಗೊಂಡರು. ಆದರೆ ಅಂತಹ ಎರಡು ಮದ್ದುಗಳನ್ನು ಅಮೆರಿಕದಲ್ಲಿ ಮದ್ಯವ್ಯಸನಿಗಳಿಗೆ ಕೊಟ್ಟು ಪರೀಕ್ಷಿಸಿ 2015 ಮತ್ತು 2016ರಲ್ಲಿ ಪ್ರಕಟಿಸಿದಾಗ, ಮದ್ಯದ ಹಂಬಲವು ಅವುಗಳಿಂದ ಕಡಿಮೆಯಾಗಲಿಲ್ಲವೆಂದು ತಿಳಿಯಿತು. ಮನುಷ್ಯನ ಚಿಂತೆಯು ಇಲಿಯ ಚಿಂತೆಗಿಂತ ದೊಡ್ಡದು. ಅದರಲ್ಲಿ ಬಡ್ಡಿಯ ಕಾಗದವಿದೆ, ಮಗಳ ಮದುವೆಯಿದೆ, ಸಂಜೆಯ ಹೊತ್ತು ಕರೆಯುವ ಗೆಳೆಯರಿದ್ದಾರೆ. ಮತ್ತೊಂದೆಡೆ, ಅಫೀಮಿನ ಜಾತಿಯ ಗ್ರಾಹಿಗಳನ್ನು ಮುಚ್ಚುವ ನಾಲ್ಟ್ರೆಕ್ಸೋನ್ ಎಂಬ ಮದ್ದು ಅಮೆರಿಕದಲ್ಲಿ 1994ರಲ್ಲಿಯೇ ಮದ್ಯವ್ಯಸನಕ್ಕೆ ಅಂಗೀಕೃತವಾಗಿ ಅನೇಕರಿಗೆ ನೆರವಾಗಿದೆ, ಎಲ್ಲರಿಗೂ ಅಲ್ಲ. ಗ್ರಾಹಿಗಳನ್ನು ತಿಳಿದರೆ ಅರ್ಧ ದಾರಿ ತಿಳಿದಂತೆ. ಉಳಿದರ್ಧದಲ್ಲಿ ಸಂಕಲ್ಪಕ್ಕೂ ಮನೆಯವರ ಆಸರೆಗೂ ಕೆಲಸವಿದೆ. ನಮ್ಮ ಆಕ್ಷೇಪಣೆಯಿರುವುದು ಸಂಕಲ್ಪವನ್ನು ಮದ್ದಿನ ಜಾಗದಲ್ಲಿ ಕೂರಿಸುವುದಕ್ಕೆ. ಮೂಳೆ ಮುರಿದವನಿಗೆ ಧೈರ್ಯ ಬೇಕು, ಪಟ್ಟಿಯೂ ಬೇಕು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯದ ದುರ್ಬಳಕೆಯಿಂದುಂಟಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಕಾಯಿದೆಯು ಒಪ್ಪಿದುದನ್ನು ನಮ್ಮ ನಡುಮನೆಗಳು ಇನ್ನೂ ಒಪ್ಪಿಲ್ಲ.

ವಿದ್ಯಾರ್ಥಿಗಳಿಗೆ ಇದರಿಂದೇನು ಎಂದರೆ, ಅವರಿಗೇ ಹೆಚ್ಚು. ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ. ಹರೆಯದ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಒಂದು ವಿಚಿತ್ರವು ಕಂಡುಬಂದಿದೆ: ಮದ್ಯದಿಂದ ಬರುವ ಮಂಪರು ಅವುಗಳಿಗೆ ಬೆಳೆದ ಇಲಿಗಳಿಗಿಂತ ಕಡಿಮೆ. ‘ಇನ್ನು ಸಾಕು’ ಎಂದು ಶರೀರವು ಬಾರಿಸುವ ಗಂಟೆ ತಡವಾಗಿ ಬಾರಿಸುತ್ತದೆ. ಅಷ್ಟರಲ್ಲಿ ಮೇರೆ ಮೀರಿರುತ್ತದೆ. ಕಾಲೇಜಿನ ವಸತಿನಿಲಯದಲ್ಲಿ ‘ನನಗೆ ಏನೂ ಆಗುವುದಿಲ್ಲ’ ಎಂದು ಬೀಗುವ ಯುವಕನು ತನ್ನ ಬಲವನ್ನು ಹೇಳುತ್ತಿಲ್ಲ, ತನ್ನ ಗಂಟೆಯ ಕಿವುಡನ್ನು ಹೇಳುತ್ತಿದ್ದಾನೆ. ಪರೀಕ್ಷೆಯ ಕಳವಳವನ್ನು ಅದರಿಂದ ಇಳಿಸಿಕೊಳ್ಳಹೊರಟವನಿಗೆ ನೆನಪನ್ನು ಬರೆಯುವ ಗ್ರಾಹಿಯೇ ಮೊದಲು ಮುಚ್ಚಿಹೋಗುವುದೆಂಬುದನ್ನು ಹಿಂದೆಯೇ ಹೇಳಿದ್ದೇವೆ.

ಮದ್ಯವನ್ನು ಕುರಿತು ಶಾಲೆಗಳಲ್ಲಿ ಹೇಳುವ ಮಾತುಗಳಲ್ಲಿ ಯಕೃತ್ತಿನ ಚಿತ್ರವೂ ಒಂದು ನೀತಿವಾಕ್ಯವೂ ಸಾಮಾನ್ಯ. ಎರಡೂ ಇರಲಿ. ಅವುಗಳ ಜೊತೆಗೆ ಒಂದು ಪುಟದಲ್ಲಿ ಗಾಬಾದ ಗ್ರಾಹಿಯ ಚಿತ್ರವೂ, ಮತ್ತೊಂದು ಪುಟದಲ್ಲಿ ಕುಡಿತವನ್ನು ನಿಲ್ಲಿಸಿದ ಮೊದಲ ನಾಲ್ಕು ದಿನಗಳ ವಿವರವೂ ಬರಲಿ ಎಂಬುದು ನಮ್ಮ ಸೂಚನೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ಪುಟವನ್ನು ಓದಿದ್ದರೆ, ಮೂರು ದಿನದಿಂದ ಕುಡಿಯದೆ ನಡುಗುತ್ತಿರುವ ತಂದೆಯು ಗೋಡೆಯತ್ತ ಬೆರಳು ತೋರಿಸಿ ಇಲ್ಲದುದನ್ನು ಹೇಳತೊಡಗಿದಾಗ, ತಾಯಿಯು ತಾಯಿತ ಕಟ್ಟುವವನನ್ನು ಕರೆಯಲು ಹೊರಡುವ ಮೊದಲೇ 108ಕ್ಕೆ ಕರೆಮಾಡಿ ಆಂಬ್ಯುಲೆನ್ಸನ್ನು ತರಿಸಿಯಾಳು. ಅಷ್ಟು ತುರ್ತಿಲ್ಲದ ದಿನಗಳಲ್ಲಿ, ಕುಡಿತವನ್ನು ಬಿಡುವುದು ಹೇಗೆಂದು ವಿಚಾರಿಸಲು 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416 ಎಂಬ ಸಂಖ್ಯೆಯಿದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.